ನೋಯದ ಕಿಡ್ನಿ, ನೋಯುವ ಮೊಣಕಾಲು

ಕೊಪ್ಪಳ ಜಿಲ್ಲೆಯೊಳಗೆ ಎರಡು ಸೀಮೆಗಳಿವೆ. ತುಂಗಭದ್ರಾ ಎಡದಂಡೆ ಕಾಲುವೆ ಹರಿಯುವ ಗಂಗಾವತಿ ಕಡೆ ಭತ್ತ, ರೈಸ್ ಮಿಲ್ಲು. ಕುಷ್ಟಗಿ, ಯಲಬುರ್ಗಾ ಕಡೆ ಮಳೆ ನಂಬಿದ ಸಜ್ಜೆ, ಜೋಳ, ಹೆಸರು. ಕುಡಿಯಲು ಬೋರಿನ ನೀರು. ಸಕ್ಕರೆ ಕಾಯಿಲೆ ಮಾತ್ರ ಎರಡೂ ಸೀಮೆಗಳಲ್ಲಿ ಮನೆ ಮಾಡಿಕೊಂಡಿದೆ. ಕೆಳಗಿನ ಮಾತುಕತೆ ಕುಷ್ಟಗಿ ತಾಲೂಕಿನ ಒಂದು ಹಳ್ಳಿಯದು. ಒಬ್ಬರು ಅರವತ್ತು ದಾಟಿದ ರೈತರು, ಶುಗರ್ ಬಂದು ಹತ್ತು ಹನ್ನೆರಡು ವರ್ಷವಾಗಿದೆ. ಇನ್ನೊಬ್ಬಳು ಅವರ ತಮ್ಮನ ಮಗಳು. ಗಂಗಾವತಿಯಲ್ಲಿ ಡಯಾಲಿಸಿಸ್ ವಿಭಾಗದ ನರ್ಸ್, ನಾಗರ ಪಂಚಮಿಗೆಂದು ತವರಿಗೆ ಬಂದವಳು. ಹಬ್ಬದ ದಿನ ಇಂಥ ಮಾತು ಯಾಕೆ ಎಂದು ಮನೆಯವರು ಗೊಣಗಿದರು. ಹಬ್ಬ ಬಿಟ್ಟರೆ ಇಬ್ಬರೂ ಎದುರುಬದುರು ಕೂರುವುದಾದರೂ ಯಾವಾಗ?

ಮಗಳು: ಬಚ್ಚಲದಾಗ ನಿಮ್ಮ ಉಚ್ಚಿ ನೊರಿ ಕಟ್ಟಿ ನಿಂದರ್ತೈತಿ ಅಂತ ದೊಡ್ಡವ್ವ ಹೇಳಿದ್ರು, ದೊಡ್ಡಪ್ಪಾ.

ದೊಡ್ಡಪ್ಪ: ಬಿಸಲಾಗ ಎಡಿ ಹೊಡದು ಬಂದಾವನ ಉಚ್ಚಿ ಹಂಗ ಇರ್ತೈತಿ ಬಿಡು. ನನಗೇನಾಗೈತಿ? ಹೊಟ್ಟಿ ತುಂಬ ಉಣ್ತೀನಿ, ನಿದ್ದಿ ಬರ್ತೈತಿ, ಶುಗರ್ ಗುಳಿಗಿ ತಪ್ಪಸಿಲ್ಲ. ಕಿಡ್ನಿ ಇರೂ ಕಡೆ ಒಂದು ದಿನಾನೂ ನೋವು ಬಂದಿಲ್ಲ.

ಮಗಳು: ಶುಗರಿನಿಂದ ಕೆಡೂ ಕಿಡ್ನಿ ನೋಯಂಗಿಲ್ರಿ. ನಮ್ಮ ವಾರ್ಡಿಗೆ ಬರೋರೆಲ್ಲ ಹೇಳೂದು ಒಂದ ಮಾತು, ಹೋದ ವರ್ಷದ ತನಕ ಗಟ್ಟಿ ಇದ್ನಿರಿ ಅಂತ. ಕಾಲು ಬಾತು, ಉಸರು ಹತ್ತಿ, ವಾಂತಿ ಶುರುವಾದ ಮ್ಯಾಲೆ ರಕ್ತ ನೋಡಸ್ತಾರ. ಅಷ್ಟೊತ್ತಿಗೆ ರಕ್ತದಾಗಿನ ಕ್ರಿಯಾಟಿನಿನ್ ಅನ್ನೂ ಕಸ ಎಂಟೋ ಹತ್ತೋ ಆಗಿರ್ತೈತಿ.

ದೊಡ್ಡಪ್ಪ: ಅದನ್ನ ನಾನೂ ಮಾಡಸೀನಿ. ಎರಡು ವರ್ಷದ ಹಿಂದ, ಕೊಪ್ಪಳದಾಗ. 1.1 ಬಂದಿತ್ತು. ನಾರ್ಮಲ್ ಅಂದ್ರು.

ಮಗಳು: ಕ್ರಿಯಾಟಿನಿನ್ ಭಾಳ ತಡಾ ಮಾಡಿ ಹೇಳೂ ಲೆಕ್ಕ ಐತ್ರಿ ಅದು. ಕಿಡ್ನಿ ಕೆಲಸ ಅರ್ಧದಷ್ಟು ಹೋಗೂ ತನಕ ಎದ್ದು ಕಾಣುವಂಗ ಏರಂಗಿಲ್ಲ. ಅದಕ್ಕಿಂತ ಮೊದಲು ಹೇಳೂದು ಉಚ್ಚಿ. ಒಂದೊಂದು ಕಿಡ್ನ್ಯಾಗ ಸುಮಾರು ಹತ್ತು ಲಕ್ಷ ಸಣ್ಣ ಸಾಣಿಗಿ ಅದಾವ ಅಂತ ತಿಳೀರಿ. ದಿನಕ್ಕ 180 ಲೀಟರ್‌ನಷ್ಟು ಅಲ್ಲೆ ಸೋಸಿ, ಬೇಕಾದ್ದೆಲ್ಲ ತಿರುಗಿ ರಕ್ತಕ್ಕ ಹೋಗ್ತೈತಿ. ವರ್ಷಗಟ್ಟಲೆ ಶುಗರ್, ಬಿಪಿ ಹೆಚ್ಚಾದ್ರ ಸಾಣಿಗಿ ತೂತು ದೊಡ್ಡವು ಆಗ್ತಾವ. ಆಗ ಒಳಗ ಉಳೀಬೇಕಾದ ಅಲ್ಬುಮಿನ್ ಅನ್ನೂ ಪ್ರೋಟೀನು ಉಚ್ಚಿಗೆ ಸೋರ್ತೈತಿ. ಉಚ್ಚ್ಯಾಗ ಒಂದು ಗ್ರಾಂ ಕ್ರಿಯಾಟಿನಿನ್ ಲೆಕ್ಕಕ್ಕ ಅಲ್ಬುಮಿನ್ 30 ಮಿಲಿಗ್ರಾಂ ದಾಟಿದ್ರ ಎಚ್ಚರಾಗಬೇಕು, 300 ದಾಟಿದ್ರ ಭಾಳ ಆತು. ನೊರಿ ಕಾಣ್ತೈತಿ ಅಂದ್ರ ಸೋರೂದು ಹೆಚ್ಚಾಗಿರಬೌದು. ಆಗಿರಲಿಕ್ಕಿಲ್ಲನೂ. ನೋಡಿದ್ರ ಗೊತ್ತಾಗ್ತೈತಿ.

ದೊಡ್ಡಪ್ಪ: ಶುಗರ್ ಇದ್ದೋರಿಗೆಲ್ಲ ಕಿಡ್ನಿ ಹೊಕ್ಕಾವೇನು? ನಮ್ಮ ಸಾಲಿ ಮಾಸ್ತರಗ ಮೂವತ್ತು ವರ್ಷದಿಂದ ಐತಿ. ಇನ್ನೂ ಸೈಕಲ್ ಹೊಡೀತಾರ.

ಮಗಳು: ಎಲ್ಲಾರಿಗೂ ಬರಂಗಿಲ್ಲ. ಹತ್ತು ಮಂದ್ಯಾಗ ಮೂರೋ ನಾಲ್ಕೋ ಮಂದಿಗೆ ಬರ್ತೈತಿ.

ದೊಡ್ಡಪ್ಪ: ಅಂದ್ರ ಆರು ಮಂದಿಗೆ ಬರಂಗಿಲ್ಲ. ಆ ಆರು ಮಂದೀನ ಯಾಕ ಹೆದರಸ್ತೀ?

ಮಗಳು: ಆ ಆರು ಮಂದಿ ಯಾರು ಅನ್ನೂದು ನೋಡದ ಹೆಂಗ ಗೊತ್ತಾಗಬೇಕ್ರಿ?

ದೊಡ್ಡಪ್ಪ: ನೋಡೂದು ಸರಳ ಯವ್ವಾ. ನೋಡಿಸಿಕೊಂಡಾವ ಬಾಳ್ವೆ ಮಾಡಬೇಕಲ್ಲ. ನನ್ನ ಸಡ್ಡಕ ಗಟ್ಟಿಮುಟ್ಟ ಆಳು. ಒಂದು ಚೀಟ್ಯಾಗ ಕಿಡ್ನಿ ಅಂತ ಬರದದ್ದು ಓದಿದ ದಿನದಿಂದ ಹೊಲಕ್ಕ ಹೋಗೂದು ಬಿಟ್ಟ. ಕಟ್ಟಿ ಮ್ಯಾಲೆ ಕುಂತು ಬಂದೋರಿಗೆಲ್ಲ ಚೀಟಿ ತೋರಸ್ತಾನ. ಮಗಳನ್ನ ನೋಡಾಕ ಬಂದ ಗಂಡಿನ ಕಡೆಯೋರು ಆ ಮನ್ಯಾಗ ಶುಗರ್ ಐತಿ, ಕಿಡ್ನಿ ಐತಿ ಅಂತ ತಿರುಗಿ ಹೋದ್ರು. ರೋಗ ಅವನ್ನ ಹಿಡಿಯೂದು ಇನ್ನೂ ದೂರ ಐತಿ. ಚೀಟಿ ಮೊದಲ ಹಿಡಕೊಂಡಿತು.

ಈ ಮಾತನ್ನು ಹಳ್ಳಿಯವರ ಅಂಜಿಕೆ ಎಂದು ತಳ್ಳಿಹಾಕಲು ನನಗೆ ಮನಸ್ಸಿಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ದೊಡ್ಡ ಸಮೀಕ್ಷೆಯ ವರದಿ 2023ರಲ್ಲಿ ಬಂತು. ದೇಶದಲ್ಲಿ ಸಕ್ಕರೆ ಕಾಯಿಲೆಯವರು 10 ಕೋಟಿ ದಾಟಿದ್ದಾರೆ, ಅದರ ಅಂಚಿನಲ್ಲಿರುವವರು ಇನ್ನೂ 13 ಕೋಟಿಗೂ ಹೆಚ್ಚು ಎಂದು ಅದು ಹೇಳಿತು. ಇಷ್ಟು ಜನರಿಗೆ ನೀವು ರೋಗಿಗಳು ಎಂದು ಹೇಳುವುದು ಸಣ್ಣ ಕೆಲಸವಲ್ಲ. ಹೇಳಿದ ಮೇಲೆ ಜೊತೆಗೆ ನಿಲ್ಲುವವರು ಬೇಕು. ಆದರೆ ಮಗಳ ಕೈಯಲ್ಲೂ ಒಂದು ಉತ್ತರವಿತ್ತು. ಇಪ್ಪತ್ತೈದು ವರ್ಷದ ಹಿಂದೆ ಆ ಉತ್ತರ ಇಷ್ಟು ಗಟ್ಟಿ ಇರಲಿಲ್ಲ.

ಮಗಳು: ಚೀಟಿ ಕೊಟ್ಟು ಸುಮ್ಮನಾದ್ರ ನೀವು ಹೇಳೂದು ಖರೆ. ಆದ್ರ ಈಗ ಔಷಧ ಅದಾವ. ಟೆಲ್ಮಿಸಾರ್ಟನ್, ಲೋಸಾರ್ಟನ್ ಅಂತ ಬಿಪಿ ಗುಳಿಗಿ ಅದಾವಲ್ಲ, ಆ ಜಾತಿ ಗುಳಿಗಿ ಕಿಡ್ನಿ ಸೋರೂದನ್ನ ಕಡಿಮಿ ಮಾಡಿ ಕಾಯ್ತಾವ ಅಂತ 2001ರಾಗ ಸಾಬೀತಾತು. ಆಮ್ಯಾಲೆ ಗ್ಲಿಫ್ಲೋಜಿನ್ ಅನ್ನೂ ಹೊಸ ಗುಳಿಗಿ ಬಂದ್ವು. ಡಾಪಾಗ್ಲಿಫ್ಲೋಜಿನ್ನ ನಾಲ್ಕು ಸಾವಿರಕ್ಕೂ ಹೆಚ್ಚು ಕಿಡ್ನಿ ರೋಗಿಗಳ ಮ್ಯಾಲೆ ಪರೀಕ್ಷೆ ಮಾಡಿದ ಲೆಕ್ಕ 2020ರಾಗ ಬಂತು. ಕಿಡ್ನಿ ಕೆಲಸ ಅರ್ಧಕ್ಕ ಇಳಿಯೂದು, ಪೂರಾ ಕೆಡೂದು, ಕಿಡ್ನಿ ಇಲ್ಲಾ ಹೃದಯದ ರೋಗದಿಂದ ಸಾಯೂದು, ಎಲ್ಲಾ ಕೂಡಿಸಿ ನೂರಕ್ಕ 39ರಷ್ಟು ಕಡಿಮಿ ಆಗಿತ್ತು.

ದೊಡ್ಡಪ್ಪ: ಎಲ್ಲಾ ಕಂಪನಿ ಔಷಧ. ನಮ್ಮ ಕಡೆ ಗಿಡದ ತೊಗಟಿ ಕುದಸಿ ಕುಡಿಯೋರು ಅದಾರ, ಅವ್ರೇನು ಸತ್ತಾರೇನು?

ಮಗಳು: ಆ ಗ್ಲಿಫ್ಲೋಜಿನ್ನಿನ ಮೂಲಾನೂ ತೊಗಟಿನ ದೊಡ್ಡಪ್ಪಾ. 1835ರಾಗ ಯುರೋಪಿನಾಗ ಸೇಬು ಗಿಡದ ತೊಗಟಿಯಿಂದ ಫ್ಲೋರಿಜಿನ್ ಅನ್ನೂದು ತಗದ್ರು. ಅದನ್ನ ತಗೊಂಡ್ರ ಸಕ್ಕರಿ ಉಚ್ಚ್ಯಾಗ ಹೊಕ್ಕೈತಿ ಅಂತ ಆಮ್ಯಾಲೆ ಕಂಡ್ರು. ಅದನ್ನ ತಿದ್ದಿ, ತೂಕ ಮಾಡಿ, ಎಷ್ಟು ಕೊಟ್ರ ಏನಾಗ್ತೈತಿ ಅಂತ ಬರದಿಟ್ಟು ಗುಳಿಗಿ ಮಾಡೂದಕ್ಕ ನೂರೈವತ್ತು ವರ್ಷದ ಮ್ಯಾಲಾತು. ನಮ್ಮ ಕಡೆ ತೊಗಟಿಗೆ ಆ ತೂಕ ಇಲ್ಲ. ನಾಟಿ ಔಷಧ ಅಂತ ಕೊಡೂ ಭಸ್ಮದಾಗ ಸೀಸ, ಪಾದರಸ ಎಷ್ಟೈತಿ ಅಂತ ಕೊಡೋರಿಗೂ ಗೊತ್ತಿರಂಗಿಲ್ಲ.

ದೊಡ್ಡಪ್ಪ: ರೊಕ್ಕ?

ಮಗಳು: ಬಿಪಿ ಗುಳಿಗಿ ಅಗ್ಗ. ಸರಕಾರಿ ದವಾಖಾನ್ಯಾಗ ಪುಕ್ಕಟೆ ಸಿಗ್ತಾವ. ಎಂಪಾಗ್ಲಿಫ್ಲೋಜಿನ್ ಅನ್ನೂದು ಒಂದು ಗುಳಿಗಿಗೆ ಅರವತ್ತು ರೂಪಾಯಿ ಹತ್ರ ಇತ್ತು. 2025ರ ಮಾರ್ಚಿನಾಗ ಪೇಟೆಂಟ್ ಮುಗೀತು, ಬ್ಯಾರೆ ಕಂಪನಿಗಳೂ ಮಾಡಾಕ ಹತ್ತಿದ್ವು, ಈಗ ಹತ್ತು ರೂಪಾಯಿ ಆಸುಪಾಸಿಗೆ ಸಿಗ್ತೈತಿ. ನಿಮಗ ಅದು ಬೇಕೋ ಬ್ಯಾಡೋ ಅನ್ನೂದನ್ನ ಡಾಕ್ಟರ್ ಹೇಳಬೇಕು, ನಾ ಅಲ್ಲ.

ದೊಡ್ಡಪ್ಪ: ನನಗ ಇನ್ನೊಂದು ಗುಳಿಗಿ ಬ್ಯಾಡ. ಇದ್ದದ್ದನ್ನ ಅರ್ಧ ಮಾಡೀನಿ ನಾನು. ಶುಗರ್ ತಾನ ಇಳದೈತಿ. ಮೊದಲು 200 ಇರ್ತಿತ್ತು, ಈಗ ಅರ್ಧ ಗುಳಿಗಿಗೆ 90. ಒಂದೆರಡು ಸಲ ಮುಂಜಾನೆ ಮೈ ಬೆವತು ಕೈ ನಡಗಿದ್ವು, ಒಂದು ಬೆಲ್ಲದ ಚೂರು ಬಾಯಾಗ ಹಾಕ್ಕೊಂಡೆ, ಸರಿಹೋತು. ರೋಗ ಹಿಂದ ಸರದೈತಿ ಅಂತ ನಾ ಖುಷಿಯಾಗೀನಿ.

ಮಗಳು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಡಯಾಲಿಸಿಸ್ ವಾರ್ಡಿನಲ್ಲಿ ಕೆಲಸ ಮಾಡುವವರು ಅಂಜುವ ಖುಷಿ ಇದು.

ಮಗಳು: ಊಟ ಕಡಿಮಿ ಮಾಡೀರೇನು? ತೂಕ ಇಳದೈತೇನು?

ದೊಡ್ಡಪ್ಪ: ಇಲ್ಲ. ಅದ ಊಟ, ಅದ ಕೆಲಸ.

ಮಗಳು: ಹಂಗಾದ್ರ ಕೇಳ್ರಿ. ಮೈಯಾಗಿನ ಇನ್ಸುಲಿನ್ನಿನ ಒಂದು ಪಾಲನ್ನ ಕರಗಿಸೂದು ಕಿಡ್ನಿ. ಶುಗರ್ ಗುಳಿಗಿ ಕೆಲವೊಂದು ಹೊರಗ ಹೋಗೂದೂ ಕಿಡ್ನಿ ಕಡಿಂದನ. ಕಿಡ್ನಿ ಕುಂದಿತು ಅಂದ್ರ ಇನ್ಸುಲಿನ್ನೂ ಗುಳಿಗೀನೂ ಮೈಯಾಗ ಜಾಸ್ತಿ ಹೊತ್ತು ಉಳೀತಾವ, ಶುಗರ್ ಇಳೀತೈತಿ. ಮಂದಿ ಗುಣ ಆತು ಅಂತ ತಿಳೀತಾರ. ಗುಣ ಆದ ಶುಗರ್ ಅಲ್ರಿ ಅದು. ನಿಮಗ ಅದ ಆಗೈತಿ ಅಂತ ನಾ ಹೇಳೂದಿಲ್ಲ, ಬ್ಯಾರೆ ಕಾರಣನೂ ಇರಬೌದು. ಆದ್ರ ಉಚ್ಚ್ಯಾಗ ನೊರಿ, ಶುಗರ್ ತಾನ ಇಳಿಯೂದು, ಎರಡೂ ಕೂಡಿ ಬಂದಾಗ ಸುಮ್ಮನ ಕುಂದ್ರಾಕ ನನಗ ಆಗಂಗಿಲ್ಲ.

ದೊಡ್ಡಪ್ಪ: ಏರಿದ್ರೂ ಕಷ್ಟ, ಇಳದ್ರೂ ಕಷ್ಟ ಅನ್ನು.

ಮಗಳು: ಇನ್ನೊಂದು ಐತಿ. ಮಾಡದಾಗ ಡೈಕ್ಲೋಫೆನಾಕ್ ಪಟ್ಟಿ ಕಂಡೆ. ಹತ್ತರಾಗ ಎರಡ ಉಳದಾವ.

ದೊಡ್ಡಪ್ಪ: ಮೊಣಕಾಲಿಗೆ. ಕಸ ತಗಿಯೂ ದಿನಾ ಒಂದು ತಗೋತೀನಿ. ಅದಿಲ್ದ ಕುಂತರ ಏಳಾಕ ಬರಂಗಿಲ್ಲ, ಎದ್ರ ಕುಂದ್ರಾಕ ಬರಂಗಿಲ್ಲ. ಚೀಟಿ ಕೇಳದ ಕೊಡ್ತಾರ ಅಂಗಡ್ಯಾಗ.

ಮಗಳು: ಕಿಡ್ನಿಗೆ ರಕ್ತ ಒಯ್ಯೂ ನರ ಬಿಗಿಯಂಗ ಮಾಡ್ತೈತ್ರಿ ಅದು. ಗಟ್ಟಿ ಕಿಡ್ನಿ ಒಂದೆರಡು ದಿನ ತಡಕೊಂಡೀತು. ಶುಗರ್ ಇದ್ದೋರು, ಬಿಸಲಾಗ ಬೆವತೋರು, ನೀರು ಕಡಿಮಿ ಕುಡದೋರು, ಬಿಪಿ ಗುಳಿಗಿ ತಗೊಳ್ಳೋರು ದಿನಾ ತಗೊಂಡ್ರ ಕಿಡ್ನಿ ಒಮ್ಮಿಗೇ ಕುಸೀಬೌದು. ನಮ್ಮಲ್ಲಿ ಬರೋರ ಚೀಲದಾಗ ಈ ಪಟ್ಟಿ ಇಲ್ದ ಬಂದೋರು ಕಡಿಮಿ.

ದೊಡ್ಡಪ್ಪ: ಬಿಡ್ತೀನಿ. ನಾಳಿಂದ ಬಿಡ್ತೀನಿ. ಹೆಸರು ಬಿಡಸೋರು ಯಾರು? ಒಂದು ಆಳಿನ ಕೂಲಿ ಎಷ್ಟೈತಿ ಗೊತ್ತೈತೇನು? ಈ ನೋವು ನನಗೊಬ್ಬಗ ಐತೇನು? ಈ ಓಣ್ಯಾಗ ನಲವತ್ತು ದಾಟಿದ ಮ್ಯಾಲೆ ನೆಟ್ಟಗ ಬಗ್ಗಿ ಏಳೋರನ್ನ ತೋರಸು. ಬೋರು ಬಂದಾಗಿಂದ ಇದ ನೀರು ಕುಡದೀವಿ. ನನ್ನ ಹಲ್ಲು ನೋಡು. ನಿಮ್ಮಜ್ಜ ಕಡಿಗೆ ನಡಾ ಬಗ್ಗಿ ನೆಲಾ ನೋಡ್ಕೋತ ನಡೀತಿದ್ದ, ವಯಸ್ಸು ಅಂತ ತಿಳದಿದ್ವಿ. ನೀರಾಗ ಫ್ಲೋರೈಡ್ ಐತಿ ಅಂತ ಹೇಳಿದೋರು, ಮೊಣಕಾಲು ಹಿಡದ ಮ್ಯಾಲೆ ಹೇಳಿದ್ರು.

ಕುಡಿಯುವ ನೀರಿನ ಒಂದು ಲೀಟರಿನಲ್ಲಿ ಫ್ಲೋರೈಡ್ ಒಂದು ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರಿಲ್ಲದ ಕಡೆ ಒಂದೂವರೆ ಮಿಲಿಗ್ರಾಂ ತನಕ ಎಂದು ನಮ್ಮ ದೇಶದ ಮಾನಕ ಹೇಳುತ್ತದೆ. ಕುಷ್ಟಗಿ, ಯಲಬುರ್ಗಾ ತಾಲೂಕುಗಳ ಅನೇಕ ಊರುಗಳ ಬೋರುಗಳು ಆ ಗೆರೆ ದಾಟಿವೆ. ಇದು ಎಲ್ಲರಿಗೂ ಗೊತ್ತಿರುವ ಸಂಗತಿ. ಫ್ಲೋರೈಡಿಗೂ ಕಿಡ್ನಿಗೂ ನಡುವಿನ ಕೊಂಡಿಯ ಮಾತು ಮಾತ್ರ ಕಿವಿಗೆ ಬೀಳುವುದು ಅಪರೂಪ. ಅದನ್ನು ಮಗಳು ಹೇಳಿದಳು.

ಮಗಳು: ಮೈಯಾಗ ಹೊಕ್ಕ ಫ್ಲೋರೈಡ್ ಹೊರಗ ಹಾಕೂದು ಯಾರು ಅಂತ ತಿಳದೀರಿ? ಕಿಡ್ನಿ. ಕಿಡ್ನಿ ಕುಂದಿದಂಗ ಫ್ಲೋರೈಡ್ ಒಳಗ ಉಳದು ಎಲುವಿನಾಗ ಜಾಸ್ತಿ ಸೇರ್ತೈತಿ. ಎಲುವು ನೋಯ್ತಾವ, ಗುಳಿಗಿ ತಗೋತೀರಿ, ಕಿಡ್ನಿ ಇನ್ನೂ ಕುಂದ್ತೈತಿ.

ದೊಡ್ಡಪ್ಪ: ಅಂದ್ರ ತಪ್ಪು ನೀರಿಂದು. ನನ್ನ ಬಾಯಿದಲ್ಲ.

ಮಗಳು: ತಪ್ಪು ನಿಮ್ದು ಅಂತ ನಾ ಎಲ್ಲಿ ಅಂದ್ನಿ? ಶುದ್ಧ ನೀರಿನ ಘಟಕದಾಗ ಸೋಸಿದ ನೀರು ಕುಡೀರಿ, ಅಡಿಗಿಗೂ ಅದ ಬಳಸ್ರಿ. ನೋವಿಗೆ ಪ್ಯಾರಾಸಿಟಮಾಲ್ ಅಳತಿಯಾಗ ತಗೋರಿ, ಮ್ಯಾಲೆ ಹಚ್ಚೂ ಮುಲಾಮು ಡಾಕ್ಟರನ್ನ ಕೇಳಿ ಹಚ್ಚರಿ, ಬಿಸಿ ಕಾವು ಕೊಡ್ರಿ.

ದೊಡ್ಡಪ್ಪ: ಘಟಕ ತಿಂಗಳಾನುಗಟ್ಟಲೆ ಕೆಟ್ಟು ನಿಂದರ್ತೈತಿ. ಪ್ಯಾರಾಸಿಟಮಾಲ್ ತಗೊಂಡ ದಿನ ಒಂದು ಸಾಲೂ ಮುಗಿಯಂಗಿಲ್ಲ. ನಿನ್ನ ಪುಸ್ತಕದಾಗ ಕಿಡ್ನಿ ಉಳಸೂದು ಐತಿ ಯವ್ವಾ. ಕಿಡ್ನಿ ಉಳಸ್ಕೊಂಡು ಹೊಲದಾಗ ಕೆಲಸ ಮಾಡೂದು ಅದರಾಗ ಎಲ್ಲೈತಿ?

ಇದಕ್ಕೆ ಅವಳ ಹತ್ತಿರ ಉತ್ತರವಿರಲಿಲ್ಲ. ನನ್ನ ಹತ್ತಿರವೂ ಇಲ್ಲ. ಅವಳು ಮಾತನ್ನು ಊಟದ ಕಡೆ ಹೊರಳಿಸಿದಳು. ರೊಟ್ಟಿ ತಿನ್ನುವ ಸೀಮೆಯಲ್ಲಿ ಈಗ ಎರಡು ಹೊತ್ತು ಅನ್ನವಾಗಿದೆ, 2013ರಲ್ಲಿ ಅನ್ನಭಾಗ್ಯದ ಅಕ್ಕಿ ಬಂದ ಮೇಲೆ ಸಜ್ಜೆ, ಜೋಳ ಮೂಲೆ ಸೇರಿವೆ ಎಂದಳು.

ದೊಡ್ಡಪ್ಪ: ಅಕ್ಕಿಗೆ ಏನೂ ಅನಬ್ಯಾಡ. ಎಪ್ಪತ್ತೆರಡರ ಬರದಾಗ ಗಂಜಿಗೆ ಪಾಳಿ ಹಚ್ಚಿ ನಿಂತಾವ ನಾನು. ಮನ್ಯಾಗ ಅಕ್ಕಿ ಚೀಲ ಇದ್ರ ನಿಮ್ಮ ದೊಡ್ಡವ್ವ ರಾತ್ರಿ ಧೈರ್ಯದಿಂದ ಮಲಗ್ತಾಳ.

ಮಗಳು: ಆತು, ಅನ್ನೂದಿಲ್ಲ. ಒಂದು ಹೊತ್ತರ ರೊಟ್ಟಿ, ಪಲ್ಲೆ ಇರಲಿ.

ದೊಡ್ಡಪ್ಪ: ಇರ್ಲಿ. ಈಗ ನಾ ಹೇಳೂದನ್ನೂ ಕೇಳಿ ಇಟ್ಕೊ. ಕಿಡ್ನಿ ಪೂರಾ ಹೋತು ಅಂದ್ರ ನನ್ನ ಡಯಾಲಿಸಿಸ್ ಮಷಿನಿಗೆ ಹಚ್ಚಬ್ಯಾಡ್ರಿ.

ಮಗಳು: ನಮ್ಮ ವಾರ್ಡಿನಾಗ ಮಲಗಿದೋರ ಮುಂದ ಬಂದು ಈ ಮಾತು ಆಡ್ರಿ ನೋಡೂನು. ಕಾಲುವಿ ಕಡೆಯಾವ ಒಬ್ಬ ಬರ್ತಾನ, ವಾರಕ್ಕ ಎರಡು ಸಲ, ಒಂದು ಸಲಕ್ಕ ನಾಲ್ಕು ತಾಸು. ಮಷಿನಿಗೆ ರಕ್ತ ತಗಿಯಾಕ ನರ ಜೋಡಿಸಿ ಫಿಸ್ಟುಲಾ ಮಾಡಿದ ಕೈ ಮುಟ್ಟಿದ್ರ ಒಳಗ ರಕ್ತ ಝುಂ ಅಂತೈತಿ. ಉಳದ ದಿನ ಅಂಗಡಿ ನಡಸ್ತಾನ. ಮಗಳ ಮದುವಿ ಮಾಡಿದ. ಮೊದಲು ಇದಕ್ಕ ಹುಬ್ಬಳ್ಳಿ, ಬಳ್ಳಾರಿಗೆ ಹೋಗಬೇಕಿತ್ತು, ಹೊಲ ಮಾರಬೇಕಿತ್ತು. 2016ರಾಗ ರಾಷ್ಟ್ರೀಯ ಡಯಾಲಿಸಿಸ್ ಕಾರ್ಯಕ್ರಮ ಬಂತು, ಈಗ ತಾಲೂಕು ದವಾಖಾನ್ಯಾಗನ ಪುಕ್ಕಟೆ ಮಾಡ್ತಾರ.

ದೊಡ್ಡಪ್ಪ: ಅವನ ಸಂಗಡ ಬರೋರು ಯಾರು?

ಮಗಳು: ಹೆಂಡ್ತಿ.

ದೊಡ್ಡಪ್ಪ: ಆಕಿ ಕೂಲಿ?

ಮಗಳು: ಹೋಗೈತಿ.

ದೊಡ್ಡಪ್ಪ: ನೀರು ಎಷ್ಟು ಕುಡಿಯಾಕ ಬಿಡ್ತೀರಿ ಅವಗ?

ಮಗಳು: ಉಚ್ಚಿ ಎಷ್ಟು ಹೊಕ್ಕೈತಿ ಅಷ್ಟು, ಮ್ಯಾಲೆ ಅರ್ಧ ಲೀಟರ್. ಬ್ಯಾಸಗ್ಯಾಗ ತುಟಿ ಒಣಗಿ ಅಳ್ತಾನ. ಸುಳ್ಳು ಹೇಳೂದಿಲ್ಲ.

ದೊಡ್ಡಪ್ಪ: ಮಷಿನಿಗೆ ಎಷ್ಟು ನೀರು ಬೇಕು?

ಮಗಳು: ಒಬ್ಬ ಮನಷ್ಯಾಗ ಒಂದು ಸಲಕ್ಕ ಸುಮಾರು 120 ಲೀಟರ್. ಅದೂ ಆರ್‌ಒದಾಗ ಪೂರಾ ಸೋಸಿದ್ದು. ಈ ಭಾಗದ ನೀರು ಸೋಸದ ಹಚ್ಚಿದ್ರ ಫ್ಲೋರೈಡ್ ನೆಟ್ಟಗ ರಕ್ತಕ್ಕ ಹೊಕ್ಕೈತಿ.

ದೊಡ್ಡಪ್ಪ: ಜಲಜೀವನ್ ಲೆಕ್ಕದಾಗ ಒಬ್ಬ ಮನಷ್ಯಾಗ ದಿನಕ್ಕ 55 ಲೀಟರ್. ಕಿಡ್ನಿ ಹೋದ ಮ್ಯಾಲೆ 120 ಲೀಟರ್ ಸೋಸಿದ ನೀರು ಕೊಡ್ತೀರಿ. ಇರೂತನಕ ನಾಲ್ಕು ಕೊಡ ಸೋಸಿದ ನೀರು ಯಾರು ಕೊಟ್ರು?

ಮಗಳು: ಇದನ್ನ ನಾನೂ ಕೇಳ್ತೀನಿ. ಆದ್ರ ಆ ಸಿಟ್ಟಿಗೆ ನೀವು ಮಷಿನು ಒಲ್ಲೆ ಅಂದ್ರ ಸಾಯೋರು ನೀವು. ಕಿಡ್ನಿ ಕಸಿ ಅಂತನೂ ಐತಿ. 1994ರ ಕಾಯ್ದೆ ಪ್ರಕಾರ ಹತ್ತಿರದ ಸಂಬಂಧಿಕರು ಕೊಡಬೌದು.

ದೊಡ್ಡಪ್ಪ: ಅದರ ಮಾತು ತಗೀಬ್ಯಾಡ. ನಿಮ್ಮ ದೊಡ್ಡವ್ವ ಕೊಡ್ತೀನಿ ಅಂತಾಳ, ನನಗ ಗೊತ್ತೈತಿ. ನಾ ತಗೊಳ್ಳಂಗಿಲ್ಲ.

ಮಗಳು: ಯಾಕ ಅಂತಾಳ ಅಂದ್ರ ನಮ್ಮ ದೇಶದಾಗ ಕೊಡೋರಾಗ ಹೆಚ್ಚಿನ ಮಂದಿ ಹೆಣಮಕ್ಕಳ. ಹೆಂಡ್ತಿ ಕೊಡ್ತಾಳ, ತಾಯಿ ಕೊಡ್ತಾಳ. ಹೆಂಡ್ತಿಗೆ ಬಂದಾಗ ಗಂಡ ಕೊಟ್ಟದ್ದನ್ನ ನಾ ನೋಡೂದು ಕಡಿಮಿ. ಇಷ್ಟೆಲ್ಲ ಮಾತಾಡೀವಿ ಖರೆ, ದೊಡ್ಡವ್ವನ ಶುಗರ್ ಯಾವಾಗ ನೋಡಸೀರಿ?

ದೊಡ್ಡಪ್ಪ: ಆಕಿಗೇನಾಗೈತಿ, ಗಟ್ಟಿ ಅದಾಳ.

ಮಗಳು: ನೀವೂ ನಿಮ್ಮ ಬಗ್ಗೆ ಇದನ್ನ ಅಂದ್ರಿ.

ದೊಡ್ಡಪ್ಪ: ನೋಡಿಸಿಲ್ಲ. ಒಮ್ಮಿನೂ ನೋಡಿಸಿಲ್ಲ. ಅದು ನಂದು ತಪ್ಪು, ಒಪ್ಪಿದೆ. ಇಬ್ಬರದೂ ನೋಡಸೂನು. ಮಷಿನಿನ ಮಾತು ಮಾತ್ರ ನಾ ಬದಲಸೂದಿಲ್ಲ.

ಮಗಳು: ನಾನೂ ಬಿಡೂದಿಲ್ಲ. ಮೊದಲು ಉಚ್ಚಿ ನೋಡೂನು.

ದೊಡ್ಡಪ್ಪ: ನೋಡೂನು. ನನಗ ಮಗಳು ನರ್ಸ್ ಅದಾಳ. ಈ ಓಣ್ಯಾಗ ಶುಗರ್ ಇದ್ದೋರು ಮನಿಗೊಬ್ರು ಅದಾರ, ಅವ್ರಿಗೆ ಯಾರು ಹೇಳೋರು?

ಮಗಳು: ಗೃಹ ಆರೋಗ್ಯ ಅಂತ ಸರಕಾರದ್ದು ಯೋಜನೆ ಐತಿ. 2024ರಾಗ ಕೋಲಾರದಾಗ ಶುರು ಮಾಡಿದ್ರು, ಆಮ್ಯಾಲೆ ಉಳದ ಜಿಲ್ಲೆಗೂ ತಂದ್ರು. ಮನಿ ಮನಿಗೆ ಬಂದು ಶುಗರ್, ಬಿಪಿ ನೋಡ್ತಾರ. ಶುಗರ್ ಇದ್ದೋರ ಉಚ್ಚ್ಯಾಗ ಅಲ್ಬುಮಿನ್ ವರ್ಷಕ್ಕೊಮ್ಮಿ ತಪ್ಪದ ನೋಡ್ರಿ ಅಂತ ನೀವು ಪಂಚಾಯ್ತ್ಯಾಗ ಅರ್ಜಿ ಕೊಡ್ರಿ. ನಾ ಬರ್ದುಕೊಡ್ತೀನಿ.

ದೊಡ್ಡಪ್ಪ: ಬರಿ. ಅದರಾಗ ನೀರಿನ ಘಟಕ ರಿಪೇರಿ ಮಾಡಸ್ರಿ ಅಂತನೂ ಬರಿ.

ಮಗಳು: ಎರಡೂ ಇಲಾಖೆ ಬ್ಯಾರೆ ಬ್ಯಾರೆ ಅದಾವ್ರಿ. ಒಂದ ಅರ್ಜಿ ಯಾರೂ ತಗೊಳ್ಳಂಗಿಲ್ಲ.

ದೊಡ್ಡಪ್ಪ: ಮೊಣಕಾಲು, ಕಿಡ್ನಿ ಎರಡೂ ಒಂದ ಮೈಯಾಗ ಅದಾವ. ಒಂದರಾಗ ಬರಿ.

ಮಗಳು: ಬರೀತೀನಿ. ನೀವು ನಾಳೆ ಮುಂಜಾನೆ ಎದ್ದ ಕೂಡ್ಲೆ ಮೊದಲನೇ ಉಚ್ಚಿ ಡಬ್ಬ್ಯಾಗ ಹಿಡದಿಡ್ರಿ. ಕುಷ್ಟಗಿ ಬಸ್ಸು ಏಳೂವರಿಗೆ ಬರ್ತೈತಿ, ನೀವೂ ದೊಡ್ಡವ್ವನೂ ಇಬ್ರೂ ನನ್ನ ಕೂಡ ಹೊಂಡ್ರಿ.